ಏರುಬೀದಿಯ ಮೇಲ್ತುದಿಯ ದೀಪ

ನಡು ಮಧ್ಯಾಹ್ನ. ಪ್ರತಿ ಕ್ರಿಸ್‌ಮಸ್‌ಗೆ ಬೀದಿಗೆ ದೀಪದ ಸರ ಕಟ್ಟುವ ಎವೆಲಿಯೊ ಅದೇ ಬೀದಿಯ ನಡುವೆ ಬಿದ್ದಿದ್ದ, ಅಲ್ಯೂಮಿನಿಯಂ ಏಣಿ ಅವನ ಮೈಮೇಲೆ. ಬೆಳಿಗ್ಗೆ ಹಾಲಿನ ಲಾರಿಗೆ ಸಿಕ್ಕಿ ಹರಿದಿದ್ದ ದೀಪದ ಸರಕ್ಕೆ ಗಂಟು ಹಾಕಲು ಹತ್ತಿದ್ದನಂತೆ. ಸಾರ್ಜೆಂಟ್ ನುಬಿಯಾ ಕಿಸೆನೊ ಏದುಸಿರು ಬಿಡುತ್ತಾ ಏರು ಹತ್ತಿ ಬರುವಷ್ಟರಲ್ಲಿ ಕರೆಂಟ್ ಹೊಡೆದು ಜೀವ ಹೋಗಿತ್ತು.

ಅವಳಿಗೆ ಆಗಲೇ ಸಾಕುಸಾಕಾಗಿತ್ತು. ನಮ್ಮ ಕೊಲಂಬಿಯಾದಲ್ಲಿ ಡಿಸೆಂಬರ್ ಬಂದರೆ ಪೊಲೀಸರಿಗೆ ಹಬ್ಬವಿಲ್ಲ. ಪಟಾಕಿಗೆ ಸುಟ್ಟ ಕೈಗಳು, ಕುಡುಕರ ಜಗಳ, ಅದರ ಮೇಲೆ ಬೀದಿ ಬೀದಿಗಳ ದೀಪದ ಪೈಪೋಟಿ.

"ವಿಲ್ಮರ್‌ದೇ ಕೆಲ್ಸ!" ಜನ ಕೂಗಿದರು. "ಪ್ಲಗ್ ಕಿತ್ತಿಲ್ಲ ಮೂದೇವಿ!"

ಏರಿನ ಬುಡದಲ್ಲಿ ವಿಲ್ಮರನ ಅಂಗಡಿ. ಸರಕ್ಕೆ ಕರೆಂಟ್ ಅಲ್ಲಿಂದಲೇ. ಅವನು ಹಿಂದೊಮ್ಮೆ ಎವೆಲಿಯೊನ ಮಗಳನ್ನು ಮದುವೆ ಮಾಡಿಕೊಡಿ ಎಂದು ಕೇಳಿ, ಎಲ್ಲರೆದುರು ಬೈಸಿಕೊಂಡಿದ್ದ.

"ಕಿತ್ತೆ ಮೇಡಂ. ಕೈಯಲ್ಲೇ ಹಿಡ್ಕೊಂಡಿದ್ದೆ. ನಾನ್ಯಾಕೆ ಅವ್ರನ್ನ ಸಾಯಿಸ್ಲಿ?" ವಿಲ್ಮರ್ ಅಳುತ್ತಿದ್ದ.

ಜನರ ಕೈಗೆ ಸಿಗದಿರಲೆಂದು ಅವನನ್ನು ಠಾಣೆಗೆ ಕಳಿಸಿದಳು. ಸತ್ತವನ ತಂಗಿ ಫಾಬಿಯೋಲಾ ಮಾತ್ರ ಕೂಗಲಿಲ್ಲ. ಅಣ್ಣನ ತಲೆ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು.

* * *

ಲಾರಿಯವನನ್ನೂ ವಿಚಾರಿಸಿದ್ದಾಯಿತು. ಅವನು ಸರ ಹರಿದು ಹೋಗಿದ್ದು ಬೆಳಿಗ್ಗೆ, ಕರೆಂಟ್ ಹೊಡೆದದ್ದು ಮಧ್ಯಾಹ್ನ. ಅವನಿಗೂ ಸಾವಿಗೂ ಸಂಬಂಧವಿರಲಿಲ್ಲ.

ನುಬಿಯಾ ಹೆಣದ ಪಕ್ಕ ಮತ್ತೆ ಕೂತಳು. ಎಡಗೈಯಲ್ಲಿ ಗಾಯವಿಲ್ಲ. ಬಲಗೈ ಸುಟ್ಟು ಕರಿಯಾಗಿತ್ತು. ಆ ಕೈಯಲ್ಲಿದ್ದ ಹರಿದ ಸರದ ತುದಿಯನ್ನು ಕಣ್ಣಲ್ಲೇ ಹಿಂಬಾಲಿಸಿದಳು. ಅದು ಅಂಗಡಿಯ ಕಡೆಗೆ ಹೋಗಿರಲಿಲ್ಲ, ಗುಡ್ಡದ ಮೇಲಕ್ಕೆ ಹೋಗಿತ್ತು.

"ತೋಬೋನ್," ಪೇದೆಯನ್ನು ಕರೆದಳು. "ಈ ಸಲ ಮೇಲ್ಗಡೆ ದೀಪ ಹೆಂಗಿತ್ತಪ್ಪ?"

"ಝಗಮಗ ಮೇಡಂ! ಪ್ರತಿ ವರ್ಷ ಅಲ್ಲಿ ಮಿಣುಕುಹುಳದ ಥರ ಇರ್ತಿತ್ತು. ಸರ ಅಷ್ಟುದ್ದ ಅಲ್ವಾ, ತುದೀಲಿ ಮಂಕಾಗುತ್ತೆ. ಅದಕ್ಕೇ ಬಹುಮಾನ ತಪ್ತಿತ್ತು."

"ಈ ಸಲ ಏನಾಯ್ತು?"

"ದಪ್ಪ ತಂತಿ, ಸಣ್ಣ ಬಲ್ಬು ಹಾಕಿದ್ದೀನಿ ಅಂತ ಎವೆಲಿಯೊ ಕಂಡ ಕಂಡವರ ಹತ್ರ ಹೇಳ್ಕೊಂಡಿದ್ದೇ ಹೇಳ್ಕೊಂಡಿದ್ದು."

ನುಬಿಯಾ ನಿಟ್ಟುಸಿರಿಟ್ಟಳು. ಬೀದಿಯ ತುತ್ತತುದಿಯ ಮನೆ ಫಾಬಿಯೋಲಾಳದೆಂದು ಅವಳು ಯಾರನ್ನೂ ಕೇಳಬೇಕಿರಲಿಲ್ಲ. ಬೂಟಿನೊಳಗೆ ಕಾಲು ಊದಿತ್ತು. ಆದರೂ ಹತ್ತಿದಳು.

* * *

ಫಾಬಿಯೋಲಾ ಬೆಲ್ಲದ ನೀರು ಕಾಯಿಸಿ ಕೊಟ್ಟಳು. ಅಂಗಳದಲ್ಲಿ ಬಾಲಯೇಸುವಿನ ಗೋದಲಿ. ಅದರ ಮೇಲೆ ಕಿಟಕಿ. ಚೌಕಟ್ಟಿನಲ್ಲಿ ತಂತಿ ತೂರುವಷ್ಟು ಒಂದು ತೂತು, ತೂತಿಗೆ ಮೆತ್ತಿದ ಹಸಿ ಸೋಪು.

"ಇವತ್ತೇ ಮುಚ್ಚಿದ್ರಾ ಅಕ್ಕ?"

ಫಾಬಿಯೋಲಾ ಗೋದಲಿಯ ಹುಲ್ಲು ಸರಿಮಾಡತೊಡಗಿದಳು.

"ಸರ ನಡುವೆ ಹರಿದಿತ್ತು," ಎಂದಳು ನುಬಿಯಾ. "ವಿಲ್ಮರ್ ಪ್ಲಗ್ ಕೀಳದೇ ಇದ್ರೂ ಕರೆಂಟು ಹರಿದ ಜಾಗದ ಕೆಳಗೇ ನಿಂತುಬಿಡುತ್ತೆ. ಮೇಲಿನ ತುದೀಲಿ ಏನೂ ಇರಬಾರ್ದು. ಸುಟ್ಟಿದ್ದು ಮೇಲಿನ ತುದಿ ಹಿಡಿದ ಕೈ. ಅಂದ್ರೆ ಮೇಲಿಂದಾನೂ ಯಾರೋ ಕರೆಂಟು ಕೊಟ್ಟಿದ್ರು. ಈ ವರ್ಷ ನಿಮ್ಮ ದೀಪ ಬೆಳಗಿದ್ದೂ ಹಂಗೇ."

ಫಾಬಿಯೋಲಾ ಅಂಗಿಯ ಅಂಚಲ್ಲೇ ಮುಖ ಒರೆಸಿಕೊಂಡಳು.

"ಪ್ರತಿ ವರ್ಷ ಅಣ್ಣ ಇಲ್ಲೇ ಕೂತು ಕೊರಗ್ತಿದ್ದ. ಗೋದಲಿ ಮೇಲೆ ಬೆಳಕೇ ಇಲ್ಲ ಅಂತ. ಅದಕ್ಕೆ ಸರದ ಈ ತುದೀಗೂ ಒಂದು ಪ್ಲಗ್ ಹಾಕಿ, ನನ್ನ ಮನೆ ಕರೆಂಟಿಗೆ ಗುಟ್ಟಾಗಿ ಸಿಕ್ಕಿಸ್ದೆ. ಅವ್ನು ಬಂದು ನೋಡಿ, ನನ್ನ ಕೈ ಹಿಡ್ಕೊಂಡು, 'ಕೊನೆಗೂ ನಾನು ಅಂದ್ಕೊಂಡ ಹಾಗೆ ಆಯ್ತು ಕಣೇ' ಅಂತ ಕುಣಿದುಬಿಟ್ಟ. ಹೆಂಗೆ ಹೇಳ್ಲಿ ಅವ್ನಿಗೆ?"

"ಇವತ್ತು?"

"ಬೆಳಿಗ್ಗೆ ಕೀಳೋದು ಮರ್ತೆ. ಬಿಸಿಲಲ್ಲಿ ಉರೀತಿದ್ದದ್ದು ಯಾರಿಗೂ ಕಾಣ್ಲಿಲ್ಲ. ಅವ್ನು ಬಿದ್ದ ಮೇಲೆ ಓಡಿ ಬಂದು ಕಿತ್ತೆ."

"ಆಮೇಲೆ ವಿಲ್ಮರ್‌ನ ಎಳ್ಕೊಂಡು ಹೋದಾಗ?"

"ಬಾಯಿ ಬರ್ಲಿಲ್ಲ," ಎಂದಳು. ಅತ್ತಳು.

ಇಂಥ ಸತ್ಯ ಪತ್ತೆ ಮಾಡಿ ಯಾರಿಗೂ ಖುಷಿಯಾಗುವುದಿಲ್ಲ. ಆದರೆ ಕೆಳಗೆ ಒಬ್ಬ ನಿರಪರಾಧಿ ಕಂಬಿ ಹಿಡಿದು ಕೂತಿದ್ದ. ನುಬಿಯಾ ಠಾಣೆಗೆ ಫೋನ್ ಮಾಡಿದಳು. "ವಿಲ್ಮರ್‌ನ ಬಿಡ್ರಪ್ಪ. ಊಟ ಹಾಕಿ ಕಳಿಸಿ."

ಫಾಬಿಯೋಲಾ ಎದ್ದು ಶಾಲು ಹೊದ್ದಳು. ಬಾಗಿಲಲ್ಲಿ ನಿಂತು ಕೇಳಿದಳು, "ಬೀದಿಯವರಿಗೆ ಎಲ್ಲಾ ಹೇಳಿ ಮೇಡಂ. ನಾನೇ ಕೊಂದೆ ಅಂತ್ಲೂ ಹೇಳಿ. ಆದ್ರೆ ಅವ್ನ ತಂತಿ ಕೆಲಸ ಮಾಡ್ಲಿಲ್ಲ ಅನ್ನೋದೊಂದು ಬಿಟ್ಟುಬಿಡಕ್ಕಾಗುತ್ತಾ?"

ನುಬಿಯಾ ಸೋಪು ಮೆತ್ತಿದ ತೂತನ್ನೇ ನೋಡುತ್ತಾ ನಿಂತಳು.

"ಆಗಲ್ಲ ಅಕ್ಕ," ಎಂದಳು. "ಮೇಲಿಂದ ಕರೆಂಟು ಯಾಕೆ ಬಂತು ಅಂತ ಹೇಳದಿದ್ರೆ, ವಿಲ್ಮರ್ ತಪ್ಪಿಲ್ಲ ಅಂತ ಬೀದಿಯವ್ರು ನಂಬಲ್ಲ."