ಐದನೆಯ ಹಾಡಿನ ಖಾಲಿ ಜಾಗ

"ಅಲ್ತಮಶ ಅಂದ್ರ ನೀವೇನು?"

ವಿಕ್ರೋಳಿಯ ಪತ್ರಿಕೆಯೊಂದರ ಆಫೀಸಿನ ಕ್ಯಾಂಟೀನಿನಲ್ಲಿ ಡಬ್ಬಿ ಬಿಚ್ಚುತ್ತಿದ್ದವನು ತಲೆ ಎತ್ತಿದ. ಎದುರಿಗೆ ಆರಿಫಾ. ಕಾಂದಿವಲಿಯಿಂದ ಎರಡು ಲೋಕಲ್ ಟ್ರೇನು ಹತ್ತಿಳಿದು ಬಂದವಳ ಹಣೆಯಲ್ಲಿ ಬೆವರು, ಕಣ್ಣಲ್ಲಿ ಬೆಂಕಿ.

ಅವಳು ಯಾರೆಂದು ಅವನಿಗೆ ಹೇಳಬೇಕಾಗಿರಲಿಲ್ಲ. 'ಮೆಗಾಬ್ಲಾಕ್' ಬ್ಯಾಂಡಿನ ಹಾಡುಗಾರ್ತಿ. ಎರಡು ವರ್ಷದಿಂದ ಅವಳ ಪ್ರತಿ ಶೋನಲ್ಲೂ ಹಿಂದಿನ ಸಾಲಿನಲ್ಲಿ ನಿಂತು ಕೇಳಿದವನು ಅವನು. ಮುಂದೆ ಬಂದು ಮಾತಾಡಿಸುವ ಧೈರ್ಯ ಮಾತ್ರ ಒಮ್ಮೆಯೂ ಆಗಿರಲಿಲ್ಲ.

ಅವಳಿಗೂ ಅವನ ಹೆಸರು ಹೊಸದಲ್ಲ. ಕಿವಿಗೆ ಕಷ್ಟ ಕೊಡುವ ಗಿಟಾರು, ಅರ್ಥವಾಗದ ಪದಗಳು ಎಂದು ಎಲ್ಲರೂ ಮೂಗು ಮುರಿದಿದ್ದ ಅವರ ಮೊದಲ ಆಲ್ಬಮ್ಮನ್ನು ಮನಸಾರೆ ಮೆಚ್ಚಿ ಬರೆದವನು ಇವನೊಬ್ಬನೇ. ಆ ವಿಮರ್ಶೆಯ ಪ್ರಿಂಟ್ ತೆಗೆಸಿ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಳು. ಮುಖ ನೋಡದ ಮನುಷ್ಯನ ಮೇಲೂ ಮನಸ್ಸು ಹೋಗುತ್ತದಾ... ಎಂದು ತನ್ನಷ್ಟಕ್ಕೆ ನಕ್ಕಿದ್ದೂ ಉಂಟು.

ಈಗ ಅದೇ ಕೈ ಎರಡನೆಯ ಆಲ್ಬಮ್ಮಿಗೆ ಐದರಲ್ಲಿ ಎರಡೇ ಸ್ಟಾರ್ ಕೊಟ್ಟಿತ್ತು!

ಗಿಟಾರ್ ಬಾರಿಸುವ ಜುನೇದ್ ಬ್ಯಾಂಡಿನ ಗ್ರೂಪಿಗೆ ಕಳಿಸಿದ್ದ ಸ್ಕ್ರೀನ್‌ಶಾಟನ್ನು ಅವನ ಮೂಗಿನ ಮುಂದೆ ಹಿಡಿದಳು. ಇಂಗ್ಲಿಷಿನಲ್ಲಿದ್ದ ಆ ಸಾಲುಗಳು ಹೇಳುತ್ತಿದ್ದುದು ಇಷ್ಟು: ಮೆಗಾಬ್ಲಾಕ್ ಈಗ ಎಲ್ಲರಿಗೂ ಸಲೀಸು, ಚಪಾತಿ ಲಟ್ಟಿಸುತ್ತ ಅಮ್ಮಂದಿರು ಗುನುಗಲು ಲಾಯಕ್ಕು.

"ನಮ್ಮ ಹಾಡು ಕನ್ನಡದಾಗ ಐತಿ. ನೀವು ಬರದದ್ದನ್ನೂ ಕನ್ನಡದಾಗ ಓದ್ರಿ, ನಮ್ಮ ಅಮ್ಮಿ ಮುಂದ ಕುಂತು. ಐತವಾರ ಬರ್ರಿ, ಧೈರ್ಯ ಇದ್ರ."

ಮನೆಯ ವಿಳಾಸದ ಚೀಟಿ ಮೇಜಿನ ಮೇಲಿಟ್ಟು, ಉತ್ತರಕ್ಕೂ ಕಾಯದೆ ಹೊರಟಳು.

ಅವಳ ಸಿಟ್ಟಿಗೆ ಕಾರಣ ಸ್ಟಾರುಗಳಲ್ಲ. ಅಮ್ಮಿ ನಜಮುನ್ನೀಸಾ ಇಪ್ಪತ್ತು ವರ್ಷ ಕಾಂದಿವಲಿಯ ಗಾರ್ಮೆಂಟ್ ಕಾರ್ಖಾನೆಯಲ್ಲಿ ಹೊಲಿದು ಮಗಳನ್ನು ಬೆಳೆಸಿದವಳು. ಮಗಳ ಮೊದಲ ಶೋಗೆ ಕಿವಿಯಲ್ಲಿ ಹತ್ತಿ ಇಟ್ಟುಕೊಂಡು ಕೊನೆಯವರೆಗೂ ಕೂತಿದ್ದಳು. ಬರುವಾಗ ಟ್ರೇನಿನಲ್ಲಿ, ಏನು ಹಾಡಿದಿ ತಿಳೀಲಿಲ್ಲ ಬೇಟಿ, ಆದರೂ ಚಲೋ ಹಾಡಿದಿ ಎಂದಿದ್ದಳು. ಆ ಮಾತು ಆರಿಫಾಳ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡು ಕೂತಿತ್ತು. ಎರಡನೆಯ ಆಲ್ಬಮ್ ಅಮ್ಮಿಗೆ ತಿಳಿಯಲೆಂದೇ ಮಾಡಿದ್ದು.

ಅದರ ಐದನೆಯ ಹಾಡು, ಸಿಂದಗಿ ಕಡೆಯ ಅಜ್ಜ ಹಾಡುತ್ತಿದ್ದ ಮೊಹರಂ ಪದ. ನಡುವೆ ನಾಲ್ಕು ಸಾಲು ಅಮ್ಮಿಯೇ ಹಾಡಿದ್ದಳು. ಹೊಲಿಗೆ ಮಶಿನ್ ತುಳಿಯದೆ ಅವಳಿಗೆ ತಾಳ ಸಿಗುತ್ತಿರಲಿಲ್ಲ, ಹಾಗಾಗಿ ಮಶಿನ್ ಮುಂದೆಯೇ ರೆಕಾರ್ಡ್ ಆಗಿತ್ತು.

ಆದರೆ ಆ ಸಾಲುಗಳು ಆಲ್ಬಮ್ಮಿನಲ್ಲಿ ಇರಲಿಲ್ಲ. ದನಿ ಒಡೆದಿದೆ, ಮಶಿನ್ ಸದ್ದು ಬೇರೆ, ಜನ ನಗುತ್ತಾರೆ ಎಂದಿದ್ದ ಜುನೇದ್. ಆರಿಫಾ ಹೂಂ ಅಂದಿದ್ದಳು. ರೆಕಾರ್ಡಿಂಗ್ ಅಳಿಸಿಹೋಯಿತೆಂದು ಅಮ್ಮಿಗೆ ಸುಳ್ಳು ಹೇಳಿದ್ದಳು.

ಭಾನುವಾರ ಅಲ್ತಮಶ ಬಂದೇಬಿಟ್ಟ.

ಅಮ್ಮಿ ಚಹಾ ಕೊಟ್ಟಳು. ಅವನು ಮೊಬೈಲ್ ತೆಗೆದು ಒಂದೊಂದೇ ಸಾಲನ್ನು ಕನ್ನಡಕ್ಕೆ ತರತೊಡಗಿದ. ಸಾಂತಾಕ್ರೂಜಿನಲ್ಲಿ ಬೆಳೆದವನ ಕನ್ನಡ ಕುಂಟುತ್ತಿತ್ತು. ಇಂಗ್ಲಿಷಿನಲ್ಲಿ ಜಾಣತನದಂತೆ ಕಂಡದ್ದು ಈಗ ಬರೀ ಉದ್ಧಟತನವಾಗಿ ಹೊರಬರುತ್ತಿತ್ತು.

"ಖಾಲಾ... ಮೊದಲ ಇವರ ಹಾಡು ತಿಳೀತಿರಲಿಲ್ಲ. ಈಗ ತಿಳಿತೈತಿ. ಅದಕ್ಕ ಎರಡು ಸ್ಟಾರ್."

"ತಿಳಿಯೂದು ತಪ್ಪೇನಪಾ?" ಅಮ್ಮಿ ನಿಜವಾಗಿಯೂ ಗೊತ್ತಾಗದೆ ಕೇಳಿದಳು.

ಅವನು ಅವಸರದಲ್ಲಿ ಮುಂದಿನ ಸಾಲಿಗೆ ಹೋದ. ಚಪಾತಿಯ ಸಾಲು ಬಂದಾಗಲಂತೂ ತಲೆ ತಗ್ಗಿಸಿಯೇ ಓದಿದ. ಹಾಗೇ ಆಗಬೇಕು ಅವನಿಗೆ! ಆರಿಫಾಳ ಹೊಟ್ಟೆ ತಣ್ಣಗಾಯಿತು.

"ಇಷ್ಟೇ ಏನು?" ಅಮ್ಮಿ ಕೇಳಿದಳು.

"ಇಲ್ಲ ಖಾಲಾ, ಇನ್ನೂ ಐತಿ."

ಆರಿಫಾ ಬೆಚ್ಚಿದಳು. ಅವಳು ಓದಿದ್ದು ಸ್ಕ್ರೀನ್‌ಶಾಟ್ ಅಷ್ಟೇ. ಅದರ ಕೆಳಗೆ ಏನಿದೆಯೆಂದು ನೋಡುವ ತಾಳ್ಮೆ ಅವಳ ಸಿಟ್ಟಿಗೆ ಇರಲಿಲ್ಲ.

"ಐದನೇ ಹಾಡಿನ್ಯಾಗ ಡ್ರಮ್ ಮೆತ್ತಗ ಆಗತೈತಿ. ಗಿಟಾರ್ ಹಿಂದ ಸರೀತೈತಿ. ಯಾರೋ ಬರೋರಿಗೆ ದಾರಿ ಬಿಟ್ಟಂಗ. ಆದ್ರ ಯಾರೂ ಬರಂಗಿಲ್ಲ. ಇಡೀ ಆಲ್ಬಮ್ಮಿನ್ಯಾಗ ನಾ ಅತ್ತದ್ದು ಅಲ್ಲೇ. ಅಲ್ಲಿ ಯಾರೋ ಹಾಡಬೇಕಾಗಿತ್ತು. ಅವರನ್ನ ಯಾಕ ಹೊರಗ ನಿಲ್ಲಿಸೀರಿ?"

ಅಮ್ಮಿ ಮಗಳ ಕಡೆ ತಿರುಗಿದಳು.

"ಅಳಿಸಿ ಹೋತು ಅಂದಿದ್ದಿ."

ಆರಿಫಾ ಕಣ್ಣು ತಪ್ಪಿಸಿ ಚಹಾದ ಕಪ್ಪು ಎತ್ತಲು ಬಾಗಿದಳು.

"ನನ್ನ ದನಿ ಚಂದ ಇಲ್ಲಂದ್ರ ನಕ್ಕೋತ ಸುಮ್ಮನಾಗತಿದ್ದೆ. ಸುಳ್ಳ ಯಾಕ ಹೇಳಿದಿ? ಈ ಹುಡುಗ ಬೈದದ್ದನ್ನ ಮುಚ್ಚಿಡದ ಬರದಾನ. ನೀ ನನ್ನ ತಗದ ಒಗದಿ."

ಅಮ್ಮಿ ಎದ್ದು ಒಳಕೋಣೆಗೆ ಹೋದಳು. ಸ್ವಲ್ಪ ಹೊತ್ತಿಗೆ ಮಶಿನ್ ಸದ್ದು ಶುರುವಾಯಿತು.

ಮೆಟ್ಟಿಲಿಳಿದು ಹೊರಟವನನ್ನು ಆರಿಫಾ ಬಿಲ್ಡಿಂಗಿನ ಗೇಟಿನಲ್ಲಿ ಹಿಡಿದಳು. ಸಿಟ್ಟು ಯಾರ ಮೇಲೆಂದು ಅವಳಿಗೇ ಗೊತ್ತಿರಲಿಲ್ಲ. ಸಮಾಧಾನ ಆಯಿತಾ ಎಂದು ಕೇಳಿದಳು.

ಈ ಸಲ ಅವನಿಗೂ ರೇಗಿತು.

"ಮೊದಲನೇ ಆಲ್ಬಮ್ ನನಗೊಬ್ಬಗ ತಿಳಿದಿತ್ತು. ನನಗಂತನ ಹಾಡೀರಿ ಅನ್ಕೊಂಡಿದ್ದೆ, ಪಾಗಲ್ ಹಂಗ. ಈಗ ನಮ್ಮ ವಾಚ್‌ಮನ್ನೂ ಗುನುಗತಾನ. ಜಲನ್ ಆತು. ಪ್ರೀತಿ ಐತಿ ಅಂತ ಬರಿಯಾಕ ಬರಲಿಲ್ಲ... ಎರಡು ಸ್ಟಾರ್ ಬರದೆ."

ಆ ಮೊದಲ ವಿಮರ್ಶೆ ಓದಿದಂದಿನಿಂದ ಆರಿಫಾ ಕಾದಿದ್ದ ಮಾತು ಬಂದದ್ದು ಈ ರೂಪದಲ್ಲಾ...! ಸಿಟ್ಟು ಇಳಿಯಲಿಲ್ಲ, ಇನ್ನೂ ಏರಿತು.

"ನಿಮ್ಮ ಹೊಟ್ಟಿಕಿಚ್ಚಿಗೆ ನಮ್ಮ ಅಮ್ಮಿ ಸಿಕ್ಕಳೇನು?"

"ತಪ್ಪು ನಂದು. ಹೋಗಿ ಹೇಳತೀನಿ. ನೀವೂ ನಿಮ್ಮದು ಹೇಳ್ರಿ."

ಇಬ್ಬರೂ ಮತ್ತೆ ಮೆಟ್ಟಿಲು ಹತ್ತಿದರು. ಅಮ್ಮಿ ತಿರುಗಿ ನೋಡಲಿಲ್ಲ. ಅಲ್ತಮಶ ಬಾಗಿಲಲ್ಲೇ ನಿಂತು ಮಾಫಿ ಕೇಳಿದ, ಚಪಾತಿಯ ಆ ಸಾಲು ತಪ್ಪೆಂದು ಮುಂದಿನ ವಾರ ಬರೆಯುತ್ತೇನೆಂದ. ಆರಿಫಾ ಮಶಿನ್ ಪಕ್ಕ ನೆಲಕ್ಕೆ ಕುಕ್ಕರಿಸಿದಳು.

"ಅಮ್ಮೀ, ಮಂದಿ ನಗತಾರ ಅಂತ ಹೆದರಿದೆ. ನಿನ್ನ ದನಿಗೆ ನಾಚಿಕಿ ಪಟ್ಟೆ. ಇವರನ್ನ ಬೈಯಾಕ ನನಗ ಹಕ್ಕಿರಲಿಲ್ಲ."

ಮಶಿನ್ ನಿಲ್ಲಲಿಲ್ಲ. ಅದೇ ತಾಳಕ್ಕೆ ಅಮ್ಮಿಯ ಒಡೆದ ದನಿ ಎದ್ದಿತು. ಅವೇ ನಾಲ್ಕು ಸಾಲು. ಆರಿಫಾ ತಡವರಿಸುತ್ತ ಮೊಬೈಲಿನಲ್ಲಿ ರೆಕಾರ್ಡ್ ಒತ್ತಿದಳು.

"ಈ ಸಲ ಮಶಿನ್ ಸದ್ದೂ ತಗೀಬ್ಯಾಡ," ಅಂದಳು ಅಮ್ಮಿ.

ತಿಂಗಳ ಮೇಲೆ ಆ ಹಾಡು ಹೊಸದಾಗಿ ಹೊರಬಂದ ದಿನ, ಕಾಂದಿವಲಿ ಸ್ಟೇಷನ್ನಿನ ಬೆಂಚಿನ ಮೇಲೆ ಇಬ್ಬರೂ ಕೂತಿದ್ದರು.

"ಈಗ ಎಷ್ಟು ಸ್ಟಾರ್?"

"ನಿನ್ನ ಹಾಡಿನ ಮ್ಯಾಲ ಇನ್ನ ಬರಿಯಂಗಿಲ್ಲ. ಮನಿ ಮಂದಿ ಬಗ್ಗೆ ಬರೀಬಾರದಂತ ನಮ್ಮ ಆಫೀಸಿನ್ಯಾಗ ರೂಲ್ ಐತಿ."

ಆರಿಫಾಳ ಕೆನ್ನೆ ಬಿಸಿಯಾಯಿತು.

"ಅಮ್ಮಿಗೆ ಕೇಳಿದೇನು?"

"ಕೇಳೀನಿ. ಎರಡು ಸ್ಟಾರ್ ಕೊಟ್ಟಾರ. ಉಳಿದ ಮೂರು ನೀ ಕೊಡಬೇಕಂತ."

ಅವಳು ನಗು ತಡೆದುಕೊಂಡು ಅವನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ಅವಸರ ಮಾಡಬ್ಯಾಡ. ಈ ಸಲ ಪೂರ್ತಿ ಓದಿ ಕೊಡತೀನಿ."