ಭಾನುವಾರದಿಂದ ಬಾರದ ಮೇಲ್

ಮೂರು ಮೇಲ್‌ಗಳು ಒಟ್ಟಿಗೇ ಬಂದು ಸಹಕಾರ ಸಂಘದ ಕಂಪ್ಯೂಟರ್ ಪರದೆಯ ಮೇಲೆ ಬಿದ್ದವು. ಮೂರೂ ವಿಮಾನದ ಕಚೇರಿಯವು.

"ನಿಮ್ಮ ರನ್‌ವೇ ಒಣಗಿದೆಯೇ? ತಿಳಿಸಿದರೆ ಬರುತ್ತೇವೆ." ಇದು ಮೊದಲನೆಯದು. "ಉತ್ತರಕ್ಕೆ ಕಾಯುತ್ತಿದ್ದೇವೆ." ಇದು ಎರಡನೆಯದು. ಮೂರನೆಯದು— "ಉತ್ತರವಿಲ್ಲ. ವಿಮಾನವನ್ನು ಬೇರೆ ಕಡೆ ಕಳಿಸಿದ್ದೇವೆ."

ಸರ್ವರ್ ನೋಡಿಕೊಳ್ಳುವ ಫಿದೆಲಿನಾ ಮೂರನ್ನೂ ಮತ್ತೊಮ್ಮೆ ಓದಿದಳು. ಮಳೆಗೆ ಚಾಕೊ ಬಯಲಿನ ರಸ್ತೆಗಳೆಲ್ಲ ಕೆಸರಾಗಿ, ಇಡೀ ಊರೇ ಬೋನಿಗೆ ಬಿದ್ದಂತಾಗಿತ್ತು. ಎತ್ತರದಲ್ಲಿದ್ದ ರನ್‌ವೇ ಮಾತ್ರ ನಿನ್ನೆಯೇ ಒಣಗಿತ್ತು. ಪಕ್ಕದ ಕೋಣೆಯಲ್ಲಿ ತುಂಬು ಬಸುರಿ ತಂಗಿ ನಿಲ್ದಾ ಮಲಗಿದ್ದಳು. ಅವಳಿಗಾಗಿಯೇ ಫಿದೆಲಿನಾ ಹೋದ ವಾರ ವಿಮಾನ ಕೇಳಿ ಬರೆದಿದ್ದಳು. ಮಧ್ಯಾಹ್ನದಿಂದ ರಕ್ತ ಕಾಣಿಸಿಕೊಂಡಿತ್ತು. ನಾಳೆಯೊಳಗೆ ಆಸ್ಪತ್ರೆ ಸೇರಿಸಲೇಬೇಕು ಎಂದಿದ್ದಳು ನರ್ಸ್. ಜೀವ ತಡೆಯದೆ ಫಿದೆಲಿನಾ ಇವತ್ತು ಸರ್ವರ್‌ನಲ್ಲಿ ಕೈಯಾರೆ ಮೇಲ್ ಎಳೆದಿದ್ದಳು. ಅಲ್ಲಿಯವರೆಗೆ, ದಿನಾ ಸಂಜೆ ಅದು ತಾನೇ ತರುತ್ತದೆ ಎಂದು ನಂಬಿಕೊಂಡು ಕೂತಿದ್ದಳಲ್ಲ!

"ಬಚ್ಚಿಟ್ಟಿದ್ದೆಯೇನೇ ಇವನ್ನ?" ಸಹಕಾರ ಸಂಘದ ಮ್ಯಾನೇಜರ್ ಎವರಿಸ್ತೊ ಬೆನ್ನ ಹಿಂದೆ ನಿಂತು ಗುಡುಗಿದ.

"ನನ್ನ ಸ್ವಂತ ತಂಗಿ ಕಣ್ರೀ! ಬಚ್ಚಿಡ್ತೀನಾ?"

"ಹಾಗಾದ್ರೆ ಏನೋ ಕೈಯಾಡಿಸಿ ಕೆಡಿಸಿದ್ದೀಯ. ಸರ್ವರ್ ಮುಟ್ಟೋಳು ನೀನೊಬ್ಳೇ. ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ!"

ಮೂಲೆಯಲ್ಲಿ ತೆರೆರೆ ಎಂಬ ತಣ್ಣನೆಯ ಎಲೆಚಹಾವನ್ನು ಕೊಳವೆಯಲ್ಲಿ ಹೀರುತ್ತಿದ್ದ ಮುದುಕ ತಲೆಯೆತ್ತಿದ. ಒದಿಲಾನ್— ನಿವೃತ್ತ ಪೊಲೀಸ್ ಇನ್‌ಸ್ಪೆಕ್ಟರ್. ಲಾರಿ ಕೆಸರಲ್ಲಿ ಹೂತು, ಅವನೂ ಇಲ್ಲೇ ಸಿಕ್ಕಿಹಾಕಿಕೊಂಡಿದ್ದ.

"ಸ್ವಲ್ಪ ತಡೀರಿ ಯಜಮಾನ್ರೇ. ಮಗಳೇ, ಕೈಯಲ್ಲಿ ಎಳೆದ್ರೆ ಬರುತ್ತೆ. ತಾನಾಗೇ ಯಾಕೆ ಬರ್ಲಿಲ್ಲ? ಅದು ಕೆಲಸ ನಿಲ್ಲಿಸಿತ್ತಾ?"

ಅವಳು ಕಣ್ಣೊರೆಸಿಕೊಂಡು ಸರ್ವರ್‌ನ ದಾಖಲೆ ನೋಡಿದಳು. "ಇಲ್ಲ... ದಿನಾ ಆರೂವರೆಗೆ ಹೋಗಿದೆ. ದಿನಾ 'ಲೈನ್ ಇಲ್ಲ' ಅಂತ ವಾಪಸ್ ಬಂದಿದೆ."

"ಲೈನ್ ಯಾವಾಗ ಇರುತ್ತೆ?"

"ಸರ್ವರ್‌ಗೆ ಬ್ಯಾಟರಿ ಇದೆ. ಲೈನ್ ತರೋ ಡಿಶ್‌ಗೆ ಮಾತ್ರ ಜನರೇಟರೇ ಬೇಕು. ಡೀಸೆಲ್ ಇಲ್ಲ ಅಂತ ಮಳೆ ಶುರುವಾದಾಗಿಂದ ಆರರಿಂದ ಏಳರವರೆಗೆ ಮಾತ್ರ ಹಾಕ್ತಾರೆ."

"ಆರೂವರೆ ಅದರೊಳಗೇ ಬಂತಲ್ಲ?"

"ಅದೇ ನಂಗೂ ಅರ್ಥ ಆಗ್ತಿಲ್ಲ!"

"ಯಾವತ್ತಿಂದ ಹೀಗೆ?"

"ಶನಿವಾರ ಬಂದಿತ್ತು. ಮಾರ್ಚ್ ನಾಲ್ಕನೇ ಭಾನುವಾರದಿಂದ ಇಲ್ಲ."

ಒದಿಲಾನ್ ಹೀರುವ ಕೊಳವೆಯನ್ನು ಬಾಯಿಂದ ತೆಗೆದ. "ನಾಲ್ಕನೇ ಭಾನುವಾರ... ಹೋದ ವರ್ಷದವರೆಗೂ ಆವತ್ತು ನಾವೇನು ಮಾಡ್ತಿದ್ವಿ?"

"ಬೇಸಿಗೆ ಮುಗೀತು ಅಂತ ದೇಶವೆಲ್ಲ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸ್ತಿದ್ವಿ," ಎಂದ ಎವರಿಸ್ತೊ ಬೇಸರದಿಂದ. "ಈ ಸಲದಿಂದ ಆ ಗೋಳಿಲ್ಲ. ಸರ್ಕಾರವೇ ರದ್ದು ಮಾಡಿದೆ."

"ನಿಮ್ಮ ಗೋಡೆ ಗಡಿಯಾರದಲ್ಲಿ ಈಗೆಷ್ಟು?"

"ಆರೂಹತ್ತು."

"ಪರದೆಯ ಮೂಲೆ ನೋಡಿ."

ಐದೂಹತ್ತು! ಅಷ್ಟು ಹೊತ್ತಿನಿಂದ ಎಲ್ಲರೂ ಮೇಲ್‌ಗಳನ್ನೇ ದಿಟ್ಟಿಸಿದ್ದರು. ಮೂಲೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ನಮಗೆ ಸುದ್ದಿ ಮುಟ್ಟಿತು, ಇದಕ್ಕೆ ಮುಟ್ಟಲಿಲ್ಲ," ಎಂದ ಒದಿಲಾನ್. "ಹಳೇ ರೂಢಿ ಬಿಡದೆ ತಾನೇ ಒಂದು ಗಂಟೆ ಹಿಂದೆ ಹೋಗಿದೆ. ಇದರ ಆರೂವರೆ ಅಂದ್ರೆ ನಮ್ಮ ಏಳೂವರೆ. ಅಷ್ಟೊತ್ತಿಗೆ ಡಿಶ್ ಸತ್ತಿರುತ್ತೆ. ಹೊಸ ನಿಯಮ ಅಪ್‌ಡೇಟ್‌ನಲ್ಲಿ ಬರಬೇಕಿತ್ತಲ್ಲ, ಮಗಳೇ?"

ಫಿದೆಲಿನಾ ಎವರಿಸ್ತೊನತ್ತ ತಿರುಗಿದಳು. "ಅಪ್‌ಡೇಟ್ ಬೇಡ ಅಂದಿದ್ದು ನೀವು. ಲೈನೆಲ್ಲ ಅದೇ ತಿಂದ್ರೆ ದನದ ರೇಟು ಬರೋದು ತಡವಾಗುತ್ತೆ ಅಂತ ಹಟ ಹಿಡಿದು ನಿಲ್ಲಿಸಿದ್ರಿ. ನಾನು ಎಷ್ಟು ಬೇಡಿಕೊಂಡೆ!"

"ಕಳ್ಳ ಸಿಕ್ಕ," ಎಂದ ಒದಿಲಾನ್ ಮೆಲ್ಲಗೆ.

ಎವರಿಸ್ತೊ ಅವಳತ್ತ ಒಂದು ಹೆಜ್ಜೆ ಇಟ್ಟ. "ಫಿದೆಲಿನಾ, ನಾನು..."

"ಆಮೇಲೆ ಹೇಳಿ. ಏಳಕ್ಕೆ ಜನರೇಟರ್ ಆರಿಸ್ಬೇಡಿ, ಅಷ್ಟು ಸಾಕು!"

ಅವಳು ಬರೆದಳು: ರನ್‌ವೇ ಒಣಗಿದೆ, ಜೀವದ ಪ್ರಶ್ನೆ, ದಯವಿಟ್ಟು ಬನ್ನಿ. ಎವರಿಸ್ತೊ ತನ್ನ ಜೀಪಿನ ಡೀಸೆಲ್ ತಂದು ಸುರಿದ. ಏಳಾಯಿತು, ಎಂಟಾಯಿತು. ಅವಳು ಮತ್ತೆ ಮತ್ತೆ ಕೈಯಾರೆ ಎಳೆಯುತ್ತಲೇ ಇದ್ದಳು. ಕೊನೆಗೂ ಒಂದು ಸಾಲು ಬಂತು.

"ಬೆಳಿಗ್ಗೆ ಬರುತ್ತೇವೆ. ಒಬ್ಬರಿಗೆ ಮಾತ್ರ ಜಾಗ."

ಫಿದೆಲಿನಾ ಅಳುತ್ತಲೇ ಪಕ್ಕದ ಕೋಣೆಗೆ ಓಡಿದಳು.

"ವಿಮಾನ ಬರುತ್ತೆ ಕಣೇ, ಬೆಳಿಗ್ಗೇನೇ!"

ನಿಲ್ದಾ ಅವಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. "ನೀನೂ ಬರ್ತೀಯ ತಾನೆ, ಅಕ್ಕಾ? ಒಬ್ಳೇ ಹೋಗೋಕೆ ಭಯ ಆಗುತ್ತೆ."

"ಬರದೆ ಇರ್ತೀನಾ?" ಎಂದು ಫಿದೆಲಿನಾ ತಂಗಿಯ ಬೆವರಿದ ಹಣೆ ಒರೆಸಿದಳು. "ಮಲಗು ಈಗ."