ಅದೇ ಹೆಸರಿನ ಪ್ಯಾಕೇಜು

ಗಂಡನ ಮಣ್ಣಿಗೆ ಬಂದಿದ್ದ ನೆಂಟರೆಲ್ಲ ಅವರವರ ಊರು ಸೇರಿದ ಮರುದಿನ ಬೆಳಿಗ್ಗೆ ಎಂದಿನಂತೆ ಹಾಲು ಬಂತು, ನಲ್ಲಿಗೆ ನೀರೂ ಬಂತು. ರೂಪಾ ಎರಡನ್ನೂ ಹಿಡಿದಿಟ್ಟಳು. ಒಲೆಯ ಮೇಲೆ ಚಹಾಕ್ಕೆ ಇಟ್ಟು, ಈಗಲಾದರೂ ಅಳು ಬರುತ್ತದೇನೋ ಎಂದು ಕಾದಳು. ಚಹಾ ಉಕ್ಕಿತು, ಅಷ್ಟೆ.

ಒಲೆ ಒರೆಸಿ, ಬೇರೇನೂ ತೋಚದೆ ಗಂಡನ ಲ್ಯಾಪ್‌ಟಾಪ್ ತೆರೆದಳು. ಗೋವಿಂದರಾಜ ಅಕ್ಕಿ ಮಿಲ್ಲುಗಳಿಗಾಗಿ ಬರೆದ ಪ್ರೋಗ್ರಾಂ ಅದರಲ್ಲಿತ್ತು. ಅದರ ಹೆಸರು 'ತೂಕ'. ಭತ್ತದ ಟ್ರ್ಯಾಕ್ಟರು ತೂಗುವ ಕಾಟಾದ ಮೇಲೆ ನಿಂತರೆ ಖಾಲಿ ಚೀಲದ ಭಾರ ಕಳೆದು, ಹಸಿಯ ತೇವ ಕಳೆದು, ಚೀಟಿ ಮುದ್ರಿಸುತ್ತಿತ್ತು. ಗಂಗಾವತಿ, ಕಾರಟಗಿಯ ಅನೇಕ ಮಿಲ್ಲುಗಳಲ್ಲಿ ಅದೇ ಇತ್ತು. ಅವನೂ ಗೆಳೆಯ ಗಾಳೇಶನೂ ಸೇರಿ ಗಂಗಾವತಿಯಲ್ಲಿ ಸಣ್ಣದೊಂದು ಆಫೀಸು ಇಟ್ಟಿದ್ದರು. ಪ್ರೋಗ್ರಾಂ ತೆರೆದರೆ ಮೊದಲ ಪರದೆಯ ಅಡಿಯಲ್ಲಿ 'ಬರೆದವರು: ಗೋವಿಂದರಾಜ, ಕೊಪ್ಪಳ' ಎಂದು ಫೋನ್ ನಂಬರಿನ ಸಮೇತ ಬರುತ್ತಿತ್ತು.

ಆ ಬೆಳಿಗ್ಗೆ ಪ್ರೋಗ್ರಾಂ ಹೊಸ ಆವೃತ್ತಿ ಹಾಕಿಕೊಳ್ಳಲೇ ಎಂದು ಕೇಳಿತು, ಅವಳು 'ಹೂಂ' ಒತ್ತಿದಳು. ಹೊಸದರಲ್ಲಿ ಆ ಸಾಲು ಇರಲಿಲ್ಲ.

ಸಿಟ್ಟು ಬಂತು. ಆಸ್ಪತ್ರೆಯಿಂದ ಈಚೆಗೆ ಅವಳಿಗೆ ಏನೂ ಬಂದಿರಲಿಲ್ಲವಾದ್ದರಿಂದ ಒಂದು ಬಗೆಯ ಸಮಾಧಾನವೇ ಆಯಿತು. ಗೋರಿಯ ಮೇಲಿನ ಹೂವು ಬಾಡುವ ಮೊದಲೇ ಗಾಳೇಶ ಹೆಸರು ಒರೆಸಿಬಿಟ್ಟಿದ್ದ. ಹಣವೇನೂ ಅವಳಿಗೆ ಬೇಕಿರಲಿಲ್ಲ. ಬೇಕಾಗಿದ್ದದ್ದು ಒಂದೇ ಒಂದು ಮಾತು. 'ಇದು ಗೋವಿಂದರಾಜ ಬರೆದದ್ದು, ನನಗೆ ತಿಳಿಯುವುದಿಲ್ಲ' ಎಂದು ಅವನು ಮಿಲ್ಲಿನವರ ಮುಂದೆ ಬಾಯಿಬಿಟ್ಟು ಹೇಳಬೇಕು. ತಾನಾಗಿ ಹೇಳುವವನಲ್ಲ, ಹೇಳಿಸಬೇಕು.

ರೂಪಾ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಯಾವ ಭಾಷೆಯ ಪ್ಯಾಕೇಜು ವ್ಯವಸ್ಥೆ ಹೇಗೆ, ಯಾವುದು ಯಾರಿಗೆ ಒಳ್ಳೆಯದು ಎಂಬ ಪಾಠವನ್ನು ವರ್ಷವರ್ಷವೂ ಮಾಡುತ್ತಿದ್ದಳು. ಆ ಪಾಠಕ್ಕೆ ನಿದ್ದೆ ಹೋಗದ ವಿದ್ಯಾರ್ಥಿಯನ್ನು ಅವಳು ಕಂಡಿರಲಿಲ್ಲ. ಅದು ಜೀವನದಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಅವಳೂ ನಂಬಿರಲಿಲ್ಲ.

ಪ್ರೋಗ್ರಾಂ ಬರೆಯುವವರು ಎಲ್ಲವನ್ನೂ ತಾವೇ ಬರೆಯುವುದಿಲ್ಲ. ಬರೆದಿಟ್ಟ ತುಣುಕುಗಳನ್ನು, ಅಂದರೆ ಪ್ಯಾಕೇಜುಗಳನ್ನು, ಇಂಟರ್ನೆಟ್ಟಿನ ದೊಡ್ಡ ಉಗ್ರಾಣದಿಂದ ತರಿಸಿಕೊಳ್ಳುತ್ತಾರೆ. ತರುವುದಕ್ಕೆ ಒಂದೊಂದು ಭಾಷೆಗೆ ಒಬ್ಬೊಬ್ಬ ಆಳು. ರಸ್ಟ್ ಭಾಷೆಯ ಆಳು ಸಂಶಯದವನು, ಯಾವ ಅಂಗಡಿಯದೆಂದು ಕೇಳಿ, ಮುದ್ರೆ ನೋಡಿಯೇ ತರುತ್ತಾನೆ. ನೋಡ್‌ನವನಿಗೆ ಪ್ಯಾಕೇಜಿನ ಹೆಸರಿಗೆ ಮನೆತನದ ಹೆಸರು ಜೋಡಿಸಿ ಹೇಳಬಹುದು, ಆಗ ಬೇರೆ ಮನೆಯದನ್ನು ತರಲಾರ. ಗೋ ಭಾಷೆಯಲ್ಲಿ ಹೆಸರೇ ವಿಳಾಸ. ಪೈಥಾನಿನ ಹಳೆಯ ಆಳು ಮಾತ್ರ ಸಾಧು. ಎರಡು ಅಂಗಡಿ ತೋರಿಸಿದರೆ ಎರಡಕ್ಕೂ ಹೋಗುತ್ತಾನೆ. ಒಂದೇ ಹೆಸರಿನ ಸರಕು ಎರಡೂ ಕಡೆ ಇದ್ದರೆ ಯಾವುದರ ಆವೃತ್ತಿಯ ಅಂಕಿ ದೊಡ್ಡದೋ ಅದನ್ನು ಹೊತ್ತು ತರುತ್ತಾನೆ. ಯಾರದು ಎಂದು ಕೇಳುವುದಿಲ್ಲ.

'ತೂಕ' ಪೈಥಾನಿನದು. ಗೋವಿಂದರಾಜ ತನ್ನ ಸ್ವಂತ ಪ್ಯಾಕೇಜುಗಳನ್ನು ಗಂಗಾವತಿಯ ಆಫೀಸಿನ ಸಣ್ಣ ಉಗ್ರಾಣದಲ್ಲಿ ಇಟ್ಟಿದ್ದ. ಚೀಲದ ಭಾರ ಕಳೆಯುವ ಪ್ಯಾಕೇಜು ಅಲ್ಲೇ ಇತ್ತು. ಅದೇ ಹೆಸರಿನದನ್ನು ಅವಳು ದೊಡ್ಡ ಉಗ್ರಾಣದಲ್ಲಿ, ದೊಡ್ಡ ಅಂಕಿ ಹಾಕಿ ಇಟ್ಟರೆ, ಗಾಳೇಶ ಮುಂದಿನ ಸಲ ತುಣುಕುಗಳನ್ನು ಸೇರಿಸಿ ಪ್ರೋಗ್ರಾಂ ಕಟ್ಟಿದಾಗ ಒಳಗೆ ಹೋಗುವುದು ಅವಳದು. ಯಾವುದರ ಯಾವ ಆವೃತ್ತಿ ತರಬೇಕೆಂದು ಮೊದಲೇ ಬರೆದಿಟ್ಟು ಇದನ್ನು ತಡೆಯುವ ಲಾಕ್ ಫೈಲ್ ಎಂಬುದೊಂದಿದೆ. ಅದು ಬೇಕೇ ಬೇಕೆಂದು ಅವಳು ತರಗತಿಯಲ್ಲಿ ಮೇಜು ಕುಟ್ಟಿ ಹೇಳುತ್ತಿದ್ದಳು. 'ತೂಕ'ಕ್ಕೆ ಅದು ಇರಲಿಲ್ಲ, ಗಂಡನಿಗೆ ಅವಳು ಒಮ್ಮೆಯೂ ಹೇಳಿರಲಿಲ್ಲ. ಮನೆಯಲ್ಲೂ ಪಾಠವೇ ಎಂದಾನೆಂದು.

ಅವನ ಕೋಡನ್ನು ಹಾಗೆಯೇ ಇಟ್ಟು ಕೆಲವೇ ಸಾಲು ಸೇರಿಸಿದಳು. ಹಬ್ಬದ ರಜೆ ಮುಗಿದು ಮಿಲ್ಲುಗಳು ತೆರೆಯುವ ಸೋಮವಾರದವರೆಗೆ ಅದು ಸುಮ್ಮನಿರುತ್ತದೆ. ಆಮೇಲೆ ಲೆಕ್ಕ ನಿಲ್ಲಿಸುತ್ತದೆ. ತಪ್ಪು ತೂಕ ತೋರಿಸುವುದಿಲ್ಲ. ರೈತರ ಭತ್ತಕ್ಕೆ ಕೈಹಾಕುವಷ್ಟು ಕೆಟ್ಟವಳು ತಾನಲ್ಲ ಎಂದು ಅವಳಿಗೆ ತನ್ನ ಮೇಲೆ ಗೌರವವೂ ಮೂಡಿತು.

"ಹಗಲೆಲ್ಲಾ ಅದರ ಮುಂದನ ಕುಂತಿರತೀ. ಏನ್ ಮಾಡಾಕತ್ತೀಯವ್ವಾ?" ಎಂದರು ಅತ್ತೆ ಮುದಕಮ್ಮ, ರೊಟ್ಟಿಯ ತಾಟು ತಂದಿಡುತ್ತ.

"ಅವರ ತೂಕದ ಕೆಲಸರೀ ಅತ್ತಿ. ಅರ್ಧ ಉಳದೈತಿ."

"ಉಂಡು ಮಾಡು. ಅವನೂ ಹಿಂಗ ಉಣ್ಣದ ಕುಂದರತಿದ್ದ."

ಮನೆಯಿಂದ ಕಳಿಸಿದರೆ ಜಾಡು ಉಳಿಯುತ್ತದೆ ಎಂದು ಪ್ಯಾಕೇಜನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಕುಷ್ಟಗಿಗೆ ಬಸ್ಸು ಹತ್ತಿದಳು. ಫೋನು ಮನೆಯಲ್ಲೇ ಅತ್ತೆಯ ಕೈಗೆ ಬಿಟ್ಟಳು. ಅಲ್ಲಿನ ಬಸ್ ನಿಲ್ದಾಣದ ಹತ್ತಿರದ ಸೈಬರ್ ಅಂಗಡಿಯ ನೂರಸಾಬ ಅವಳ ಬೋಳು ಹಣೆ ನೋಡಿ ಎದ್ದು ನಿಂತ.

"ವಿಧವಾ ವೇತನದ ಅರ್ಜೀನೇನ್ರಿ ಅಕ್ಕಾರ? ನಾ ತುಂಬಿಕೊಡ್ಲೇನ್ರಿ?"

"ಬ್ಯಾಡ್ರಿ. ನನಗ ಬರತೈತಿ."

"ಸಾವಕಾಶ ಮಾಡ್ರಿ. ಸರ್ವರ್ ಭಾಳ ಸ್ಲೋ ಐತಿ, ಬೈಬ್ಯಾಡ್ರಿ ಮತ್ತ."

ಅವನು ಪರದೆಯತ್ತ ತಿರುಗಿಯೂ ನೋಡಲಿಲ್ಲ. ಸುಳ್ಳು ಹೆಸರಿನ ಖಾತೆ ತೆರೆದು ಪ್ಯಾಕೇಜು ಏರಿಸಿದಳು. ಏಳುವಾಗ ದುಡ್ಡು ಕೊಡಲು ಹೋದರೆ ನೂರಸಾಬ ಮುಟ್ಟಲಿಲ್ಲ. ವಿಧವೆಯನ್ನು ಯಾರೂ ಏನೂ ಕೇಳುವುದಿಲ್ಲ. ಇದು ತಿಳಿದಿದ್ದರೆ ಪಾತಕಿಗಳೆಲ್ಲ ಬಿಳಿ ಸೀರೆ ಉಡುತ್ತಿದ್ದರು ಎಂದು ಬಸ್ಸಿನಲ್ಲಿ ಅನ್ನಿಸಿ, ನಗು ಬಂದು, ಪಕ್ಕದ ಹೆಂಗಸು ತನ್ನನ್ನೇ ನೋಡುತ್ತಿರುವುದು ಕಂಡು ಸೆರಗು ಬಾಯಿಗೆ ಒತ್ತಿಕೊಂಡಳು. ಆ ಹೆಂಗಸು ಅವಳ ಬೆನ್ನು ಸವರಿದಳು.

ಇನ್ನು ಗಾಳೇಶ ಪ್ರೋಗ್ರಾಮನ್ನು ಮತ್ತೊಮ್ಮೆ ಕಟ್ಟಬೇಕಿತ್ತು. ಅದೊಂದು ಅವಳ ಕೈಯಲ್ಲಿರಲಿಲ್ಲ. ದಿನಗಳು ಹೋದವು. ಹೆಸರು ತೆಗೆದಾಗಿದೆ, ಇನ್ನೇಕೆ ಮುಟ್ಟುತ್ತಾನೆ ಎಂದು ಕೈಚೆಲ್ಲುವ ಹೊತ್ತಿಗೆ, ಶನಿವಾರ ಲ್ಯಾಪ್‌ಟಾಪಿನಲ್ಲಿ 'ಹೊಸ ಆವೃತ್ತಿ ಸಿದ್ಧವಿದೆ, ಹಾಕಿಕೊಳ್ಳಲೇ?' ಎಂಬ ಸೂಚನೆ ಬಂತು. ತನ್ನ ವಿಷವನ್ನು ತಾನೇ ಕುಡಿಯುವಷ್ಟು ದಡ್ಡಳೇ? 'ಬೇಡ' ಒತ್ತಿ ಲ್ಯಾಪ್‌ಟಾಪ್ ಮುಚ್ಚಿದಳು.

ಗಾಳೇಶನ ಮುಖ ನೋಡದಿದ್ದರೆ ಇಷ್ಟೆಲ್ಲ ಮಾಡಿ ಏನು ಬಂತು? ಹೋಗಲು ನೆಪ ಮೂಲೆಯಲ್ಲೇ ಇತ್ತು. ಹೋದ ಬೇಸಿಗೆಯಲ್ಲಿ ಗೋವಿಂದರಾಜ ಆಫೀಸಿನಿಂದ ಗಾಳೇಶನ ಟೇಬಲ್ ಫ್ಯಾನು ಕೇಳಿ ತಂದಿದ್ದ. ಸೋಮವಾರ ಫೋನನ್ನು ಮತ್ತೆ ಅತ್ತೆಯ ಕೈಗೆ ಕೊಟ್ಟು, ಫ್ಯಾನು ಎತ್ತಿಕೊಂಡು ಗಂಗಾವತಿಯ ಬಸ್ಸಿನಲ್ಲಿ ಕಿಟಕಿಯ ಬಳಿ ಕೂತಳು. ಗಿಣಿಗೇರಾ ದಾಟುತ್ತಲೇ ಹೊರಗಿನ ಗಾಳಿಗೆ ಫ್ಯಾನು ತೊಡೆಯ ಮೇಲೆ ತಾನೇ ತಿರುಗತೊಡಗಿತು. ಕಂಡಕ್ಟರ್ ಬಗ್ಗಿ ನೋಡಿ, "ಇನ್ನಷ್ಟು ಜೋರ್ ಇಡ್ರಿ ಅಕ್ಕಾರ, ಸೆಕಿ ಭಾಳ ಐತಿ" ಎಂದ. ಇಷ್ಟು ಅಚ್ಚುಕಟ್ಟಾದ ಅಪರಾಧಕ್ಕೆ ಇಂಥ ಮೆರವಣಿಗೆ ಆಗಬಾರದಿತ್ತು.

ಆಫೀಸಿನಲ್ಲಿ ಗಾಳೇಶ ಒಬ್ಬನೇ ಕೂತು ಮಂಡಾಳ ಒಗ್ಗರಣೆ, ಅದೇ ಮಂಡಕ್ಕಿಯದು, ತಿನ್ನುತ್ತಿದ್ದ. ಅವಳನ್ನು ಕಂಡು ಕೈ ಒರೆಸಿಕೊಂಡು ಎದ್ದ.

"ಬರ್ರಿ ವೈನಿ. ಇದನ್ಯಾಕ ಹೊತ್ಗೊಂಡು ಬರಾಕ ಹೋದ್ರಿ? ಅಲ್ಲೇ ಇರ್ಲಿ ಅಂತಿದ್ನಲ್ಲ."

"ನಿಮ್ದು ನಿಮಗ ಮುಟ್ಟಬೇಕಲ್ರಿ." ಅವಳು ಅವನ ಫೋನಿನತ್ತ ನೋಡಿದಳು. ಅದು ಮೇಜಿನ ಮೇಲೆ ಮಂಡಾಳದ ಪಕ್ಕ ತಣ್ಣಗೆ ಬಿದ್ದಿತ್ತು. "ಇವತ್ತ ಮಿಲ್ ಚಾಲೂ ಅಲ್ರಿ? ಕೆಲಸ ಭಾಳ ಇರಬೇಕು."

"ಎಲ್ಲಿ ಕೆಲಸ ಬಿಡ್ರಿ? ಮುಂಜಾನಿಂದ ಒಂದ್ ಫೋನೂ ಇಲ್ಲ. ಆರಾಮ ಅದೀನಿ."

ರೂಪಾ ಕುರ್ಚಿಯಲ್ಲಿ ಕೂತು ಪ್ರತಿಯೊಂದು ಹೆಜ್ಜೆಯನ್ನೂ ಮತ್ತೆ ತಡವಿ ನೋಡಿದಳು. ಎಲ್ಲವೂ ಸರಿಯಿತ್ತು. ಆದರೂ ಅವನು ಮಂಡಾಳ ತಿನ್ನುತ್ತಿದ್ದ. ತಡೆಯಲಾರದೆ ಕೇಳಿದಳು: "ಅವರ ಹೆಸರು ಯಾಕ ತಗದ್ರಿ?"

ಗಾಳೇಶ ತಲೆ ಬಗ್ಗಿಸಿದ. "ಹೆಸರಿನ ಜೋಡಿ ನಂಬರ್ ಇತ್ತಲ್ರಿ ವೈನಿ. ಮಿಲ್ಲಿನೋರು ಅದಕ್ಕ ಹಚ್ಚತಾರ. ಗೋವಿಂದರಾಜ ಅದಾನೇನ್ರಿ ಅಂತ ಕೇಳಿದ್ರ ಆ ಫೋನ್ ಎತ್ತೋ ಮುದಕಮ್ಮ ಏನ್ ಹೇಳಬೇಕು? ಅವಸರಕ್ಕ ಇಡೀ ಸಾಲು ತಗದೆ. ಆಮ್ಯಾಲೆ ಜೀವಕ್ಕ ಸಮಾಧಾನ ಆಗ್ಲಿಲ್ಲ. ಶನಿವಾರ ಬ್ಯಾರೆ ಸಾಲು ಹಾಕಿ ಎಲ್ಲಾ ಮಿಲ್ಲಿಗೂ ಕಳಿಸೀನಿ. ಅವ ಬರದದ್ದು, ನನಗೆಲ್ಲಿ ತಿಳೀತೈತ್ರಿ? ಎಲ್ಲಾರ ಮುಂದೂ ಅದನ್ನ ಹೇಳೀನಿ." ಅವನು ಪರದೆಯನ್ನು ಅವಳತ್ತ ತಿರುಗಿಸಿದ. 'ಬರೆದವರು: ಗೋವಿಂದರಾಜ. ನೋಡಿಕೊಳ್ಳುವವರು: ರೂಪಾ, ಕೊಪ್ಪಳ.' ಪಕ್ಕದಲ್ಲಿ ಅವಳ ಫೋನ್ ನಂಬರು.

ಅವನು ಯಾವಾಗ ಕಟ್ಟುತ್ತಾನೆ ಎಂದು ಅಷ್ಟು ದಿನ ಕಾದವಳು, ಯಾಕೆ ಕಟ್ಟುತ್ತಾನೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಮೇಜಿನ ಮೇಲಿನ ಫೋನು ಆಗ ರಿಂಗಾಯಿತು. ಮುದಕಮ್ಮನ ದನಿ ಸ್ಪೀಕರ್ ಹಾಕದೆಯೂ ಕೇಳುತ್ತಿತ್ತು. "ಗಾಳೇಶಾ, ನನ್ನ ಸೊಸಿ ಅಲ್ಲಿ ಬಂದಾಳೇನೋ? ಕಾರಟಗಿಯೋರು ಒಬ್ಬರಾದ ಮ್ಯಾಲೆ ಒಬ್ಬರು ಅಕಿ ಫೋನಿಗೆ ಹಚ್ಚಾಕತ್ತಾರ, ತೂಕ ನಿಂತೈತಂತ. ಏನೂ ಅಂಜಬ್ಯಾಡ್ರಿ, ವಾರಗಟ್ಲೆ ಉಣ್ಣದ ಕುಂತು ಅದನ್ನೆಲ್ಲಾ ಮಾಡಿದಾಕಿ ಅಕೀನ ಅಂತ ಎಲ್ಲಾರಿಗೂ ಹೇಳೀನಿ." ಗಾಳೇಶ ಫೋನು ಹಿಡಿದೇ ರೂಪಾಳ ಕಡೆ ನೋಡಿದ, ಪರದೆಯ ಕಡೆ ನೋಡಿದ, ಮತ್ತೆ ಅವಳ ಕಡೆ ನೋಡಿದ. ಅವಳು ಎದ್ದು, ಫ್ಯಾನನ್ನು ಅವನ ಮೇಜಿನ ಮೇಲೆ ಇಟ್ಟು, ವೈರು ಬಿಚ್ಚಿ, ಪ್ಲಗ್ಗು ಎಲ್ಲಿದೆ ಎಂದು ಕೇಳಿದಳು.